ಹೆಪ್ಪು ಹಾಕಿದ ಎಣ್ಣೆ

ಹದಿನೇಳನೆಯ ಓಟದಲ್ಲಿ ಎಣ್ಣೆ ಹಿಡಿತ ಬಿಟ್ಟಿತು.

ಪರೀಕ್ಷಾ ಯಂತ್ರದ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದ ಕಾಳಪ್ಪ ಬಡಿಗೇರ ಮಾಪಕದ ಮುಳ್ಳಿನ ಕಡೆ ನೋಡಲಿಲ್ಲ. ಯಂತ್ರ ಹೇರಿದ ಇಳಿಜಾರಿನ ಭಾರ ಹೊತ್ತು ಗುರುಗುಟ್ಟುತ್ತಿದ್ದ ಎಂಜಿನ್ ಒಮ್ಮೆಲೇ ಹಗುರಾಗಿ, ಬೆಳಗಾವಿಯ ಉದ್ಯಮಬಾಗದ ಆ ತಗಡಿನ ಶೆಡ್ಡಿನಲ್ಲಿ ಒಂದು ಮೌನ ಹರಡಿತ್ತು. ಮೂವತ್ತು ವರ್ಷ ಯಂತ್ರಗಳ ನಡುವೆ ಬದುಕಿದವನಿಗೆ ಸದ್ದಿಗಿಂತ ಮೊದಲು ಮೌನ ಕೇಳಿಸುತ್ತದೆ. ಸ್ವಿಚ್ ಆರಿಸಿ, ನೋಟ್‌ಬುಕ್ಕಿನಲ್ಲಿ ಹದಿನೇಳರ ಮುಂದೆ ಒಂದು ಗೀಟು ಎಳೆದ. ಅದು ನಾಲ್ಕನೆಯ ಗೀಟು.

ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ರೇಣವ್ವ ತಳವಾರ ಎದ್ದು ಬಂದಳು. ಅವಳು ಬಸ್ ಡ್ರೈವರ್. ಒಂದೂವರೆ ತಿಂಗಳಿಂದ ಸಸ್ಪೆಂಡ್ ಆಗಿದ್ದಳು.

“ಬಿಡ್ತಲ್ರಿ ಸರ್?”

“ಬಿಡ್ತು.”

“ನಾ ಅವತ್ತ ಹೇಳಿದ್ದೆ. ಗಾಡಿ ತಾನ ಕೈ ಬಿಡ್ತು ಅಂತ. ಎಲ್ಲಾರೂ ನನ್ನ ಮಾರಿ ನೋಡಿದ್ರು, ಗಾಡಿ ಯಾರೂ ನೋಡ್ಲಿಲ್ಲ.”

ಅವಳ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಹೇಳಿ ಹೇಳಿ ಸವೆದ ಮಾತು ಅದು. ಹುಲಿಕಟ್ಟಿ ಘಾಟಿನ ಮೂರನೆಯ ತಿರುವಿನಲ್ಲಿ, ಐವತ್ತೆರಡು ಜನರಿದ್ದ ಬಸ್ಸು ಅವಳ ಕೈಮೀರಿ ಓಡಿತ್ತು. ಇಳಿಜಾರಿನಲ್ಲಿ ಬಸ್ಸನ್ನು ಹಿಂದಕ್ಕೆ ಜಗ್ಗಿ ಹಿಡಿಯುವುದು ಎಂಜಿನ್. ಅದು ಚಕ್ರಗಳಿಂದ ಬೇರೆಯಾದರೆ ಅಷ್ಟೂ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಹೊಗೆಯಾಡಿ ಸೋತಿತು. ಅವಳು ಕಂದಕದ ಕಡೆ ಬಿಡದೆ ಬಸ್ಸನ್ನು ಗುಡ್ಡದ ಮಣ್ಣಿಗೆ ಗುದ್ದಿದಳು. ಒಂಬತ್ತು ಜನರಿಗೆ ಗಾಯ. ಕಂಡಕ್ಟರ್ ಅಶೋಕನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಇನ್ಸ್‌ಪೆಕ್ಟರ್ ಬಂದು ನೋಡಿದಾಗ ಗೇರಿನ ಕೋಲು ನ್ಯೂಟ್ರಲ್‌ನಲ್ಲಿತ್ತು. ಮೊದಲನೇ ಗೇರಿಗೆ ಇಳಿಸಲು ಹೋಗಿದ್ದೆ, ಬೀಳಲಿಲ್ಲ ಎಂದಳು. ಡೀಸೆಲ್ ಉಳಿಸಲು ನ್ಯೂಟ್ರಲ್ ಬಿಟ್ಟುಕೊಂಡು ಬಂದಿದ್ದಾಳೆ ಎಂದು ಅವರು ಬರೆದುಕೊಂಡರು. ಬರುವ ಮಂಗಳವಾರ ಕೊನೆಯ ವಿಚಾರಣೆ. ತಪ್ಪು ಸಾಬೀತಾದರೆ ಕೆಲಸ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ.

“ಚಹಾ ಕುಡೀತೀಯೇನವಾ?” ಎಂದ ಕಾಳಪ್ಪ.

“ಬ್ಯಾಡ್ರಿ. ಇನ್ನೊಂದು ಸಲ ಓಡಸ್ರಿ.”

ಸಂಜೆಯೊಳಗೆ ಮೂವತ್ತು ಓಟ ಮುಗಿದವು. ಏಳು ಗೀಟು.

*

ಕಾಳಪ್ಪನ ಜೀವನವೆಲ್ಲ ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಒಂದು ಮೊಳ ಜಾಗದಲ್ಲಿ ಕಳೆದಿತ್ತು. ಅವನಪ್ಪ ಎತ್ತಿನ ಗಾಡಿಯ ಗಾಲಿ ಮಾಡುತ್ತಿದ್ದವರು. ಮಗ ಗಾಲಿ ಬಿಟ್ಟು ಗಾಲಿಯನ್ನು ತಿರುಗಿಸುವುದರ ಹಿಂದೆ ಬಿದ್ದ. ಮೂವತ್ತೊಂದನೆಯ ವಯಸ್ಸಿಗೆ, ಒಂದು ಗೇರ್ ಕಾರ್ಖಾನೆಯ ನೌಕರಿ ಬಿಟ್ಟು, ಈ ಶೆಡ್ಡಿನಲ್ಲಿ ಒಂದು ಡ್ರಮ್ಮು ಇಟ್ಟುಕೊಂಡು ಕೂತ. ಡ್ರಮ್ಮಿನಲ್ಲಿ ಎಣ್ಣೆ, ಎಣ್ಣೆಯಲ್ಲಿ ಹಿಟ್ಟಿನಷ್ಟು ನುಣುಪಾದ ಕಬ್ಬಿಣದ ಪುಡಿ. ವಿದ್ಯುತ್ ಹಾಯಿಸಿದರೆ ಪುಡಿಯ ಕಣಗಳು ಒಂದನ್ನೊಂದು ಹಿಡಿದು ಸರಪಳಿಯಾಗುತ್ತವೆ, ಎಣ್ಣೆ ಗಟ್ಟಿಯಾಗಿ ಎಂಜಿನ್ನನ್ನು ಚಕ್ರಕ್ಕೆ ಬಿಗಿಯುತ್ತದೆ. ವಿದ್ಯುತ್ ನಿಂತರೆ ಸಡಿಲ. ಇಷ್ಟು ಹಿಂದಿನವರಿಗೂ ಗೊತ್ತಿತ್ತು. ಕಾಳಪ್ಪ ಕಂಡುಕೊಂಡದ್ದು ಆ ಕಣಗಳಿಗೆ ಬಳಿಯುವ ಒಂದು ಲೇಪ. ಲೇಪ ಹಚ್ಚಿದ ಕಣಗಳು ಸಾವಿರಾರು ಸಲ ಒಂದೇ ರೀತಿ ಹಿಡಿದು ಬಿಟ್ಟರೆ, ಆ ರೀತಿಯನ್ನು ಮರೆಯುವುದಿಲ್ಲ. ಮುಂದೆ ಭಾರ ಕೊಂಚ ಬದಲಾದರೆ ಸಾಕು, ಯಾರೂ ಹೇಳದೆಯೇ ಅದೇ ರೀತಿ ಹಿಡಿಯುತ್ತವೆ, ಅದೇ ರೀತಿ ಬಿಡುತ್ತವೆ. ಕ್ಲಚ್ಚಿನ ಪೆಡಲ್ಲೇ ಬೇಡ. ಒಳ್ಳೆಯ ಡ್ರೈವರ್ ಒಬ್ಬ ಮೊದಲು ಪೆಡಲ್ ಒತ್ತಿ ಎರಡು ವರ್ಷ ಓಡಿಸಿದರೆ, ಅವನ ಕಾಲಿನ ನಯ ಎಣ್ಣೆಗೆ ಬರುತ್ತದೆ.

ಒಂದು ಎಣ್ಣೆಯಿಂದ ಇನ್ನೊಂದಕ್ಕೆ ಆ ನಯ ದಾಟಿಸುವುದು ಹೇಗೆಂದು ನಾಲ್ಕು ವರ್ಷ ತಿಳಿಯಲಿಲ್ಲ. ತಿಳಿದದ್ದು ಅಡುಗೆಮನೆಯಲ್ಲಿ. ಹೆಂಡತಿ ಸುಲೋಚನಾ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬಿಟ್ಟು ಮುಚ್ಚಿಡುವುದನ್ನು ಅವನು ಅದುವರೆಗೆ ಎಷ್ಟು ಸಾವಿರ ಸಲ ನೋಡಿದ್ದನೋ. ಅಂದು ಮೊದಲ ಬಾರಿಗೆ ನೋಡಿದ. ಕಲಿತ ಎಣ್ಣೆ ಒಂದು ಲೋಟ, ಹೊಸ ಎಣ್ಣೆ ಒಂದು ಕೊಡ. ಒಂಬತ್ತು ದಿನ ಹದವಾದ ಶಾಖದಲ್ಲಿ ತಿರುಗಿಸಿದರೆ ಕೊಡಕ್ಕೆ ಕೊಡವೇ ಕಲಿತುಬಿಡುತ್ತಿತ್ತು. ಶೆಡ್ಡಿನಲ್ಲಿ ಅದಕ್ಕೆ ಹೆಪ್ಪು ಎಂದೇ ಹೆಸರಾಯಿತು.

ಮೊದಲ ಹೆಪ್ಪಿಗೆ ಕಾಲು ಯಾರದು ಎಂಬ ಪ್ರಶ್ನೆ ಬಂದಾಗ ಬೇರೆ ಯೋಚನೆಯೇ ಬರಲಿಲ್ಲ. ಸುಲೋಚನಾಳ ಅಣ್ಣ ಮಾನಪ್ಪ ಅದೇ ಹುಲಿಕಟ್ಟಿ ಘಾಟಿನಲ್ಲಿ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಓಡಿತು ಎಂಬುದನ್ನು ಡಿಪೋದವರು ಕೆಎಂಪಿಎಲ್ ಎನ್ನುತ್ತಾರೆ. ಡ್ರೈವರನ ಮರ್ಯಾದೆ ಅದರಲ್ಲಿದೆ. ಪ್ರತಿ ತಿಂಗಳೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಹನ್ನೊಂದು ವರ್ಷ ಆ ಬೋರ್ಡಿನ ಮೊದಲ ಹೆಸರು ಮಾನಪ್ಪನದು. ಬೆಳ್ಳಿ ಪದಕ ಕೊಟ್ಟಿದ್ದರು. ಅವನ ಫೋಟೋ ಡಿಪೋದ ಗೋಡೆಯ ಮೇಲೆ ಈಗಲೂ ಇದೆ.

ಮುನ್ನೂರ ನಲವತ್ತು ಘಾಟ್ ಬಸ್ಸುಗಳಲ್ಲಿ ಈಗ ಮಾನಪ್ಪನ ಕಾಲಿತ್ತು.

*

ಮರುದಿನ ಬೆಳಿಗ್ಗೆ ವಿಚಾರಣಾಧಿಕಾರಿ ಹುಯಿಲಗೋಳ ಶೆಡ್ಡಿಗೇ ಬಂದರು. ಸಂಭಾವಿತ ಮನುಷ್ಯ. ಕಾಳಪ್ಪನ ಏಳು ಗೀಟುಗಳನ್ನು ನಿಧಾನವಾಗಿ ನೋಡಿದರು.

“ಈ ಎಣ್ಣಿ ಆ ಬಸ್ಸಿಂದ ತಗದದ್ದಲ್ರಿ?”

“ಹೌದ್ರಿ.”

“ಆಕಿ ಮೂರು ವರ್ಷ ಓಡ್ಸ್ಯಾಳ ಆ ಬಸ್ಸು. ಎಣ್ಣಿ ಡ್ರೈವರ್ ಕಡಿಂದ ಕಲೀತೈತಿ ಅಂತ ನೀವ ಬರದೀರಿ.” ಕನ್ನಡಕ ತೆಗೆದು ಒರೆಸಿಕೊಂಡರು. “ಅಂದಮ್ಯಾಲ ಇಳಿಜಾರಿನ್ಯಾಗ ಬಿಡೂದು ಆಕಿನ ಕಲಿಸಿರಬೇಕು. ನಿಮ್ಮ ಪರೀಕ್ಷಾ ಆಕಿಗೆ ಉಲ್ಟಾ ಹೊಡೀತದ ನೋಡ್ರಿ.”

ಕಾಳಪ್ಪ ನೋಟ್‌ಬುಕ್ಕು ಮುಚ್ಚಿದ. ರಾತ್ರಿಯೆಲ್ಲ ಅವನು ತಲೆಯಲ್ಲಿ ತಿರುಗಿಸಿ ನೋಡಿದ್ದು ಇದನ್ನೇ.

“ಮೊದಲನೇ ಎಣ್ಣಿ ಇಟ್ಟೀರೇನು? ಮೊಟ್ಟಮೊದಲ ಹೆಪ್ಪು? ಅದೂ ಹಿಂಗ ಬಿಟ್ರ ಮಾತು ಬ್ಯಾರೆ.”

“ಇಲ್ರಿ.”

ಯಾರು ಇಟ್ಟಿರುತ್ತಾರೆ? ನಿನ್ನೆಯ ಮೊಸರಿನಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು. ಮದುವೆಯಾಗಿ ಬಂದ ದಿನ ಹಾಕಿದ ಮೊಸರನ್ನು ಯಾವ ಹೆಂಗಸೂ ಬಾಟಲಿಯಲ್ಲಿ ತುಂಬಿಡುವುದಿಲ್ಲ. ಶೆಡ್ಡಿನವರೂ ಹಾಗೆಯೇ, ಚೆನ್ನಾಗಿ ಓಡುತ್ತಿದ್ದ ಬಸ್ಸಿನಿಂದ ಒಂದು ಲೋಟ ತೆಗೆದು ಮುಂದಿನ ಬಸ್ಸಿಗೆ ಹಾಕುತ್ತ ಬಂದಿದ್ದರು. ಹನ್ನೊಂದು ವರ್ಷದಲ್ಲಿ ನೂರಾರು ಡ್ರೈವರುಗಳು ಗೇರು ಹಾಕಿದ, ಆಕ್ಸಿಲರೇಟರ್ ಒತ್ತಿದ ರೀತಿಯೂ ಅದರಲ್ಲಿ ಬೆರೆತುಹೋಗಿತ್ತು. ಎಣ್ಣೆಯ ನೆನಪನ್ನು ಓದಲು ಬರುವುದಿಲ್ಲ. ಅದರಲ್ಲಿ ತಾರೀಖಿಲ್ಲ, ಹೆಸರಿಲ್ಲ.

“ಹಂಗಾರ,” ಎಂದು ಹುಯಿಲಗೋಳರು ಎದ್ದರು, “ಮೊದಲು ಕಲಿಸಿದವರ ಬಂದು ಹೇಳಬೇಕು. ಮಾನಪ್ಪನೋರು ಅದಾರಲ್ಲ ಇನ್ನೂ?”

“ನಮ್ಮ ಮನ್ಯಾಗ ಅದಾರ.”

“ಹೇಳ್ತಾರೇನು?”

ಇಳಿಜಾರಿನಲ್ಲಿ ನ್ಯೂಟ್ರಲ್ ಬಿಡುವುದು ಡ್ರೈವರ್ ಮಾಡಬಹುದಾದ ಅತಿ ದೊಡ್ಡ ತಪ್ಪು. ಮಾನಪ್ಪನಿಗೆ ಆ ಪದಕ ಕೊಟ್ಟದ್ದು ಅಂಥ ತಪ್ಪು ಮಾಡದೆ ಡೀಸೆಲ್ ಉಳಿಸಿದ್ದಕ್ಕೆ.

*

ಮಾನಪ್ಪನಿಗೆ ಎಪ್ಪತ್ತು. ಹೆಂಡತಿ ತೀರಿದ ಮೇಲೆ ತಂಗಿಯ ಮನೆಗೆ ಬಂದು, ಪಡಸಾಲೆಯ ಕಿಟಕಿ ಪಕ್ಕದ ಮಂಚವನ್ನು ತನ್ನದಾಗಿಸಿಕೊಂಡಿದ್ದ. ಊಟದ ಹೊತ್ತಿಗೆ ರೊಟ್ಟಿಯನ್ನು ಮುರಿಯುವ ಸದ್ದಿನ ಹೊರತು ಆ ಮನೆಯಲ್ಲಿ ಹೆಚ್ಚು ಸದ್ದಿರುತ್ತಿರಲಿಲ್ಲ. ಅಂದೂ ಇರಲಿಲ್ಲ. ಕಾಳಪ್ಪ ಅರ್ಧ ರೊಟ್ಟಿ ಮುಗಿಯುವವರೆಗೆ ಕಾದ.

“ಭಾವ, ಒಂದು ಮಾತು ಕೇಳ್ಲೇನು?”

“ಎಂಜಿನಿಯರ್ ಸಾಹೇಬ್ರು ಪರ್ಮಿಷನ್ ಕೇಳಾಕತ್ತಾರ. ಏನೋ ಕಾದೈತಿ ನನಗ.”

“ಎರಡು ವರ್ಷ ನೀವು ಎಣ್ಣಿಗೆ ಕಲಿಸಿದ್ರಲ್ಲ. ಆವಾಗ ಘಾಟ್ ಇಳಿಯೂ ಮುಂದ ನ್ಯೂಟ್ರಲ್ ಬಿಡ್ತಿದ್ರೇನು?”

ಸುಲೋಚನಾ ಪಲ್ಯದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಮಾನಪ್ಪ ರೊಟ್ಟಿಯ ತುಂಡನ್ನು ಅಗಿದು, ನುಂಗಿ, ನೀರು ಕುಡಿದ.

“ಇಲ್ಲ.”

“ಒಮ್ಮೆಯೂ?”

“ಇಪ್ಪತ್ತಾರು ವರ್ಷದಾಗ ಒಂದು ಮೆಮೋ ಇಲ್ಲ ನನಗ. ನಿಮ್ಮ ಎಣ್ಣಿ ಕೆಟ್ರ ಅದಕ್ಕ ನನ್ನ ಕಾಲು ಹುಡುಕಬ್ಯಾಡ್ರಿ.” ಲೋಟ ಕೆಳಗಿಟ್ಟು, “ಆ ಹೆಣ್ಮಗಳಿಗೆ ನಾನೂ ಅಯ್ಯೋ ಅಂತೀನಿ. ಆದ್ರ ಸುಳ್ಳು ಹೇಳಾಕ ಆಗೂದಿಲ್ಲ,” ಎಂದ.

ಕೈ ತೊಳೆಯಲು ಎದ್ದುಹೋದ. ಸುಲೋಚನಾ ಗಂಡನ ತಟ್ಟೆಗೆ ಮೊಸರು ಬಡಿಸುತ್ತ ತಗ್ಗಿದ ದನಿಯಲ್ಲಿ ಕೇಳಿದಳು:

“ಅಂವಾ ಖರೇನ ಅನ್ನಾಕತ್ತಾನೇನು?”

“ಅಂವಗ ಖರೇ ಅನಸ್ತೈತಿ.”

“ನಿಮಗ?”

ಕಾಳಪ್ಪ ಮೊಸರನ್ನು ಕಲಸದೆ ಕೂತ. ಅವಳಿಗೆ ಹೇಳದ ಒಂದು ವಿಷಯವಿತ್ತು. ಹನ್ನೊಂದು ವರ್ಷದ ಹಿಂದೆ ಮೊದಲ ಹೆಪ್ಪಿನ ಬಸ್ಸುಗಳು ಘಾಟಿಗೆ ಇಳಿದಾಗ, ಅವನ ಲೆಕ್ಕದ ಪ್ರಕಾರ ನೂರಕ್ಕೆ ಎಂಟು ಪಾಲು ಡೀಸೆಲ್ ಉಳಿಯಬೇಕಿತ್ತು. ಉಳಿದದ್ದು ಹದಿನಾಲ್ಕು. ಆ ಹೆಚ್ಚಿನ ಆರು ಎಲ್ಲಿಂದ ಬಂತು ಎಂದು ಅವನು ಒಂದು ಮಧ್ಯಾಹ್ನ ಕಾಗದದ ಮೇಲೆ ಹುಡುಕಿದ್ದ. ಸಿಕ್ಕಿರಲಿಲ್ಲ. ಅಷ್ಟರಲ್ಲಿ ಫೋನು ಬರತೊಡಗಿದವು, ಹಾರ ಹಾಕಿದರು, ಪುಣೆಯಿಂದ ಜನ ನೋಡಲು ಬಂದರು. ನಷ್ಟ ಬಂದಿದ್ದರೆ ತಿಂಗಳುಗಟ್ಟಲೆ ಹುಡುಕುತ್ತಿದ್ದ. ಹೆಚ್ಚು ಬಂದದ್ದನ್ನು ಯಾರು ಹುಡುಕುತ್ತಾರೆ? ಡ್ರೈವರುಗಳಿಗೂ ಇಳಿಜಾರಿನಲ್ಲಿ ಬಸ್ಸು ಹಗುರಾಗಿ ಸದ್ದಿಲ್ಲದೆ ಜಾರುವುದು ಗೊತ್ತಾಗಿತ್ತು. ಕೆಎಂಪಿಎಲ್ ಏರುತ್ತಿತ್ತು. ಅದನ್ನು ವರದಿ ಮಾಡಿ ಯಾರು ತಮ್ಮ ಹೆಸರನ್ನು ಬೋರ್ಡಿನಿಂದ ಇಳಿಸಿಕೊಳ್ಳುತ್ತಾರೆ? ಮುನ್ನೂರ ನಲವತ್ತು ಬಸ್ಸುಗಳಲ್ಲಿ ಅಷ್ಟೂ ಜನ ಬಾಯಿ ಮುಚ್ಚಿಕೊಂಡು ಘಾಟು ಇಳಿದಿದ್ದರು. ಹೆಚ್ಚಿನ ದಿನ ಬ್ರೇಕು ತಡೆದುಕೊಂಡಿತು.

ಅವನು ಮೊಸರನ್ನು ಹಾಗೇ ಬಿಟ್ಟು ಎದ್ದ.

*

ಭಾನುವಾರ ಬೆಳಿಗ್ಗೆ ಮಾನಪ್ಪನೇ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದ.

“ನಡೀರಿ. ಘಾಟಿಗೆ ಹೋಗೂಣು. ನನ್ನ ಎಣ್ಣಿ ಹೆಂಗ ಬಿಡ್ತೈತಿ ನಾನೂ ನೋಡ್ತೀನಿ. ನನ್ನ ಕಣ್ಣ ಮುಂದ ಬಿಡ್ಲಿ.”

ಶೆಡ್ಡಿನಲ್ಲಿ ಪರೀಕ್ಷೆಗೆಂದು ಒಂದು ಹಳೆಯ ಬಸ್ಸಿತ್ತು. ಅದರ ಡ್ರಮ್ಮಿಗೆ ರೇಣವ್ವನ ಬಸ್ಸಿನ ಎಣ್ಣೆಯನ್ನೇ ತುಂಬಿದರು. ಐವತ್ತೆರಡು ಜನರ ತೂಕಕ್ಕೆ ಮರಳಿನ ಚೀಲ ಹೇರಿದರು. ಬಸ್ಸು ಕಾಳಪ್ಪನದು, ಸಾರಿಗೆ ಸಂಸ್ಥೆಯದಲ್ಲ. ರೇಣವ್ವನ ಲೈಸೆನ್ಸು ಇನ್ನೂ ಅವಳ ಪರ್ಸಿನಲ್ಲಿತ್ತು. ಅವಳು ಓಡಿಸುತ್ತೇನೆಂದಳು.

“ಹೆದರಿಕಿ ಆಗೂದಿಲ್ಲೇನವಾ?” ಎಂದು ಮಾನಪ್ಪ ಕೇಳಿದ.

“ಆಗ್ತೈತ್ರಿ ಅಜ್ಜಾರ. ಮನ್ಯಾಗ ಕುಂತ್ರ ಇದಕ್ಕಿಂತ ಜಾಸ್ತಿ ಆಗ್ತೈತಿ.”

ಅವನು ನಕ್ಕು ಎಡಗಡೆಯ ಮುಂದಿನ ಸೀಟಿನಲ್ಲಿ ಕೂತ. ಕಾಳಪ್ಪ ಅವನ ಹಿಂದೆ. ಘಾಟಿನ ಮೇಲಿನ ತುದಿಯಲ್ಲಿ ಒಂದು ಇಳಿಜಾರಿದೆ. ಮುಕ್ಕಾಲು ಕಿಲೋಮೀಟರ್ ಇಳಿದು, ರಸ್ತೆ ಮತ್ತೆ ಏರುತ್ತದೆ. ಎಣ್ಣೆ ಬಿಟ್ಟರೂ ಏರಿನಲ್ಲಿ ಬಸ್ಸು ತಾನೇ ನಿಲ್ಲುತ್ತದೆ. ಅಲ್ಲಿಯೇ ಓಡಿಸುವುದೆಂದು ಗೊತ್ತುಮಾಡಿದ್ದರು.

ಮೊದಲ ಸಲ ಏನೂ ಆಗಲಿಲ್ಲ. ಎಂಜಿನ್ ಗುರುಗುಟ್ಟುತ್ತ ಬಸ್ಸನ್ನು ಹಿಡಿದು ಇಳಿಸಿತು. “ನೋಡಿದ್ರಿಲ್ಲೋ,” ಎಂದ ಮಾನಪ್ಪ. ಎರಡನೆಯ ಸಲ, ಮೂರನೆಯ ಸಲವೂ ಆಗಲಿಲ್ಲ. ನಾಲ್ಕನೆಯ ಸಲ ಮೇಲೆ ಹತ್ತಿ ತಿರುಗಿಸಿದರು. ಮಾನಪ್ಪ ಕಿಟಕಿಯಾಚೆ ನೋಡುತ್ತಿದ್ದ. ತಾನು ಊಟ ಮಾಡುತ್ತಿದ್ದ ಖಾನಾವಳಿಯ ಜಾಗದಲ್ಲಿ ಈಗ ಏನಿದೆ ಎಂದು ನೋಡುತ್ತಿದ್ದನೇನೋ. ಪರೀಕ್ಷೆ ಅವನ ತಲೆಯಿಂದ ದೂರ ಹೋಗಿತ್ತು.

ಬಸ್ಸಿನ ಮೂತಿ ಇಳಿಜಾರಿನ ಅಂಚಿನ ಮೈಲಿಗಲ್ಲು ದಾಟಿ ಬಾಗಿತು.

ಆಗ ಕಾಳಪ್ಪ ಕಂಡದ್ದು ಇದು. ಮಾನಪ್ಪನ ಎಡಗಾಲು, ಚಪ್ಪಲಿ ಸಮೇತ, ನೆಲದ ತಗಡನ್ನು ಮೆಲ್ಲಗೆ ಒತ್ತಿತು. ಅಲ್ಲಿ ಪೆಡಲ್ ಇರಲಿಲ್ಲ. ತೊಡೆಯ ಮೇಲಿದ್ದ ಎಡಗೈ ಒಂದು ಗೇಣು ಸರಿದು, ಇಲ್ಲದ ಗೇರಿನ ಕೋಲನ್ನು ಬೆರಳ ತುದಿಯಿಂದ ನಡುವಿಗೆ ತಂದಿತು. ಮುಖ ಇನ್ನೂ ಕಿಟಕಿಯ ಕಡೆಗೇ ಇತ್ತು. ಕೈ ತೊಡೆಗೆ ಮರಳುವಷ್ಟರಲ್ಲಿ ಎಂಜಿನ್ನಿನ ಭಾರ ಕಳಚಿ ಬಸ್ಸು ಮೌನವಾಯಿತು.

ಮೊದಲು ಕಾಲು. ಆಮೇಲೆ ಮೌನ.

“ಬಿಡ್ತ್ರಿ,” ಎಂದಳು ರೇಣವ್ವ. ಟೈರುಗಳ ಸರಸರ ಸದ್ದು ಮಾತ್ರ. ಮರಳಿನ ಚೀಲಗಳು ಮುಂದಕ್ಕೆ ಒರಗಿದವು. ಅವಳು ಬ್ರೇಕನ್ನು ಒತ್ತಿ, ಬಿಟ್ಟು, ಒತ್ತಿ, ಸ್ಟೀರಿಂಗನ್ನು ಎದೆಗವಚಿಕೊಂಡಂತೆ ಹಿಡಿದಳು. ಇಳಿಜಾರು ಮುಗಿಯಿತು. ಏರಿನಲ್ಲಿ ಬಸ್ಸು ನಿಧಾನವಾಗಿ, ದಣಿದ ಎತ್ತಿನಂತೆ, ನಿಂತಿತು.

ಯಾರೂ ಏಳಲಿಲ್ಲ. ಬ್ರೇಕಿನ ಸುಟ್ಟ ವಾಸನೆ ಒಳಗೆ ಬಂತು.

ಮಾನಪ್ಪ ತನ್ನ ಎಡಗಾಲನ್ನು ನೋಡುತ್ತಿದ್ದ. ಅದು ಇನ್ನೂ ತಗಡನ್ನು ಒತ್ತಿಕೊಂಡೇ ಇತ್ತು. ಯಾರದೋ ಕಾಲು ತನ್ನ ಧೋತರದ ಕೆಳಗಿಂದ ಹೊರಬಂದಿದೆ ಎಂಬಂತೆ ನೋಡಿದ. ಕೊನೆಗೆ ಮುದುಕ ಕಾಲನ್ನು ಎರಡೂ ಕೈಯಿಂದ ಎತ್ತಿ ಹಿಂದಕ್ಕೆ ಎಳೆದುಕೊಂಡ.

“ಅಲ್ಲೇ,” ಎಂದ. “ಆ ಕಲ್ಲು ದಾಟಿದ ಕೂಡ್ಲೆ. ಜನ ಎಲ್ಲಾ ಗಪ್ ಆಗ್ತಿದ್ರು. ಕೂಸು ತೂಗಿದಂಗ ಹೋಗ್ತಿತ್ತು ಗಾಡಿ. ನಾ ಅದನ್ನ ನ್ಯೂಟ್ರಲ್ ಅಂತ ತಿಳಕೊಂಡಿದ್ದಿಲ್ಲ. ಚಲೋ ಓಡ್ಸೂದು ಅಂದ್ರ ಹಂಗ ಅಂತ ತಿಳಕೊಂಡಿದ್ದೆ.”

ಆಮೇಲೆ ರೇಣವ್ವನ ಕಡೆ ತಿರುಗಿದ.

“ಮಗಳ, ಇದು ನಿಂದಲ್ಲ. ಇದು ನಂದು.”

ಅವಳು ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. ಅತ್ತಳೋ, ಉಸಿರು ತೆಗೆದುಕೊಂಡಳೋ, ಹಿಂದಿನ ಸೀಟಿನಿಂದ ಕಾಣುತ್ತಿರಲಿಲ್ಲ.

“ನಂದೂ ಐತ್ರಿ ಭಾವ,” ಎಂದ ಕಾಳಪ್ಪ. ಆ ಆರು ಪಾಲಿನ ವಿಷಯವನ್ನು ಅಂದು ಮೊದಲ ಬಾರಿ ಬಾಯಿಬಿಟ್ಟು ಹೇಳಿದ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.

*

ಮಂಗಳವಾರ ಮಾನಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಂತೇ ಹೇಳಿಕೆ ಕೊಟ್ಟ. ಕೂರಿರಿ ಎಂದರೂ ಕೂರಲಿಲ್ಲ. ಕಾಳಪ್ಪ ತನ್ನ ಹಳೆಯ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟ. ಹುಯಿಲಗೋಳರು ಎರಡನ್ನೂ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿದರು.

“ಎಲ್ಲಾ ಬಸ್ಸಿಂದ ಎಣ್ಣಿ ತಗೀಬೇಕಾಗ್ತೈತಿ ಬಡಿಗೇರ್ ಸರ್.”

“ಹೌದ್ರಿ.”

“ನಿಮ್ಮ ಇಷ್ಟು ವರ್ಷದ ಕೆಲಸ.”

“ಹೌದ್ರಿ,” ಎಂದ ಕಾಳಪ್ಪ.

ಕಲಿತ ಎಣ್ಣೆಯನ್ನು ಮರೆಸುವುದು ಸುಲಭ. ಕಾಯಿಸಿ, ದೊಡ್ಡ ಅಯಸ್ಕಾಂತಗಳ ನಡುವೆ ಅರ್ಧ ಗಂಟೆ ಅಲುಗಾಡಿಸಿದರೆ ಸರಪಳಿಗಳೆಲ್ಲ ಹರಿದುಹೋಗುತ್ತವೆ. ಎರಡು ವರ್ಷದಲ್ಲಿ ಕಲಿತದ್ದು ಒಂದು ಚಹಾ ಕುಡಿದು ಮಾತಾಡುವಷ್ಟರಲ್ಲಿ ಬರಿಯ ಕಪ್ಪು ಎಣ್ಣೆಯಾಗುತ್ತದೆ. ನಾಲ್ಕು ತಿಂಗಳು ಶೆಡ್ಡಿನಲ್ಲಿ ಇದೊಂದೇ ಕೆಲಸ ನಡೆಯಿತು. ಮಾನಪ್ಪ ದಿನವೂ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಮೊದಲ ವಾರವೇ ಡಿಪೋಗೆ ಹೋಗಿ ತನ್ನ ಫೋಟೋವನ್ನು ತಾನೇ ಇಳಿಸಿ ತಂದಿದ್ದ. ಡಿಪೋದವರು ಬ್ಯಾಡ್ರಿ ಅಂದ್ರೂ ಕೇಳಲಿಲ್ಲವಂತೆ. ಗೋಡೆಯ ಮೇಲೆ ಅದಿದ್ದ ಜಾಗ ಬೆಳ್ಳಗೆ ಚೌಕಾಗಿ ಉಳಿದಿದೆ ಎಂದು ಮತ್ತೆ ಕೆಲಸಕ್ಕೆ ಸೇರಿದ್ದ ರೇಣವ್ವ ಹೇಳಿದಳು. ಮರೆತ ಎಣ್ಣೆಯ ಡ್ರಮ್ಮುಗಳಿಗೆ ಮತ್ತೆ ಪೆಡಲ್ ಜೋಡಿಸಿದರು. ಡ್ರೈವರ್ ಒತ್ತಿದರೆ ಮಾತ್ರ ಎಣ್ಣೆ ಬಿಡುತ್ತದೆ. ತನ್ನಷ್ಟಕ್ಕೆ ತಾನು ಏನೂ ಮಾಡುವುದಿಲ್ಲ. ಕಾಳಪ್ಪನ ಡ್ರಮ್ಮು ಈಗ ಒಂದು ದುಬಾರಿ ಕ್ಲಚ್ಚು, ಅಷ್ಟೇ.

ಮಳೆಗಾಲಕ್ಕೆ ಮೊದಲು ಒಂದು ದಿನ ಕಾಳಪ್ಪ, ಮಾನಪ್ಪ ಇಬ್ಬರೂ ಘಾಟಿನ ಕೆಳಗಿನ ಊರಿಗೆ ಹೊರಟರು. ಕಂಡಕ್ಟರ್ ಅಶೋಕನ ಮನೆ ಅಲ್ಲಿತ್ತು. ಏನು ಮಾತಾಡುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಸುಲೋಚನಾ ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಳು. ಬಸ್ಸು ರೇಣವ್ವನದೇ. ಕನ್ನಡಿಯಲ್ಲಿ ಇವರನ್ನು ನೋಡಿ ಅವಳು ತಲೆಯಾಡಿಸಿದಳು.

ಇಳಿಜಾರು ಬಂತು. ಎರಡನೇ ಗೇರಿನಲ್ಲಿ ಎಂಜಿನ್ ಕಿವಿ ಹರಿಯುವಂತೆ ಅರಚತೊಡಗಿತು. ಕಿಟಕಿಯ ಗಾಜುಗಳು ಗಡಗಡ ಅಲುಗಿದವು. ಹಿಂದೆ ಯಾವುದೋ ಕೂಸು ಎದ್ದು ಅತ್ತಿತು.

“ಏನಿದು, ಹಿಟ್ಟಿನ ಗಿರಣಿ ಒದರಿದಂಗ ಒದರ್ತೈತಿ,” ಎಂದ ಮಾನಪ್ಪ.

“ಒದರ್ಲಿ ಬಿಡ್ರಿ ಅಜ್ಜಾರ,” ಎಂದಳು ರೇಣವ್ವ ರಸ್ತೆಯಿಂದ ಕಣ್ಣು ತೆಗೆಯದೆ. “ಒದರೂತನಕ ಹಿಡಕೊಂಡೈತಿ ಅಂತ ಗೊತ್ತಿರ್ತೈತಿ.”

ಕಾಳಪ್ಪ ಕಿಟಕಿಗೆ ತಲೆ ಆನಿಸಿದ. ಮೂವತ್ತು ವರ್ಷ ಅವನು ಈ ಸದ್ದನ್ನು ಅಡಗಿಸಲು ದುಡಿದಿದ್ದ. ಅದು ಈಗ ಹಲ್ಲಿನ ಬೇರಿನವರೆಗೂ ನಡುಗಿಸುತ್ತಿತ್ತು. ಕಣ್ಣು ಭಾರವಾಗುತ್ತಿದ್ದಂತೆ, ಪಕ್ಕದಲ್ಲಿ ಮಾನಪ್ಪನ ಎಡಗಾಲು ನೆಲವನ್ನು ಒತ್ತಿದ್ದು ಕಂಡಿತು. ಅದೇ ಮೈಲಿಗಲ್ಲಿನ ಹತ್ತಿರ. ಮುದುಕ ಅದನ್ನು ತಡೆಯಲಿಲ್ಲ. ಒತ್ತಿ ಹಿಡಿದು ಕಾದ.

ಬಸ್ಸು ಕೇಳಲಿಲ್ಲ. ಅರಚುತ್ತಲೇ ಇಳಿಯಿತು.

ಆ ಗದ್ದಲದಲ್ಲಿ, ಬಹಳ ದಿನಗಳ ನಂತರ, ಕಾಳಪ್ಪನಿಗೆ ಗಾಢವಾದ ನಿದ್ದೆ ಬಂತು.